ಇಂಗ್ಲೆಂಡ್ ಡೈರಿ, ಕಂತು 14: ಲಿಂಕ್ ಕಳಿಸುವ ಮೊದಲು ಅರ್ಹತೆ ಕೇಳಿ

ಹೋದ ಕಂತಿನಲ್ಲಿ ಇಲ್ಲಿನ ಬಾಡಿಗೆ ಮನೆ, ಅಡ್ವಾನ್ಸ್ ವಿಷಯ ಬರೆದಿದ್ದೆ. ಈ ಸಲದ್ದು ಸ್ವಲ್ಪ ಖಾರ. ಇಲ್ಲಿರುವ ನಮ್ಮವರಲ್ಲೇ ಕೆಲವರಿಗೆ ಬೇಜಾರಾಗಬಹುದು. ಆದರೂ ಬರೆಯುತ್ತೇನೆ. ನಮ್ಮ ಕಡೆಯಿಂದ ಇನ್ನೂ ಕೆಲವು ಹುಡುಗಿಯರು ನರ್ಸ್ ಆಗಿ ಇಲ್ಲಿಗೆ ಬರುವವರಿದ್ದಾರೆ, ಅವರ ಅಪ್ಪ ಅಮ್ಮ ಈ ಪೋಸ್ಟುಗಳನ್ನು ಓದುತ್ತಾರೆ ಅಂತ ನನಗೆ ಗೊತ್ತು.

ವಿಷಯ ಕ್ರೆಡಿಟ್ ಕಾರ್ಡಿನದು. ಅದರಲ್ಲೂ ವಿಮಾನದ ಪಾಯಿಂಟ್ಸ್ ಕೊಡುವ ಕಾರ್ಡ್. ನಾನು ಹೇಳುವುದು ಇಷ್ಟೇ: ಅಂಥ ಕಾರ್ಡಿಗೆ ಅರ್ಜಿ ಹಾಕುವ ಮೊದಲು ನಮಗೆ ಅರ್ಹತೆ ಇದೆಯಾ ಅಂತ ನೋಡಿಕೊಳ್ಳಬೇಕು. ಅದನ್ನು ನೋಡಿಕೋ ಅಂತ ಒಂದು ಮಾತೂ ಹೇಳದೆ ಹೊಸಬರಿಗೆ ಲಿಂಕ್ ಕಳಿಸುವವರು ಮಾಡುತ್ತಿರುವುದು ಸಹಾಯ ಅಲ್ಲ, ವ್ಯಾಪಾರ.

ಊರಿನವರಿಗೆ ಮೊದಲು ಹಿನ್ನೆಲೆ ಹೇಳುತ್ತೇನೆ. ಇಲ್ಲಿ ನಮ್ಮವರ ವಾಟ್ಸಾಪ್ ಗ್ರೂಪುಗಳು ಬೇಕಾದಷ್ಟಿವೆ. ಹೊಸಬರು ಬಂದ ವಾರದಲ್ಲೇ ಅವರನ್ನು ಸೇರಿಸಿಕೊಳ್ಳುತ್ತಾರೆ. ಸೋನಾ ಮಸೂರಿ ಎಲ್ಲಿ ಸಿಗುತ್ತೆ, ಯಾವ ಸಿಮ್ ಒಳ್ಳೆಯದು, ಹಳೆ ಜಾಕೆಟ್ ಯಾರ ಹತ್ತಿರ ಇದೆ, ಎಲ್ಲ ಅಲ್ಲೇ ಗೊತ್ತಾಗುತ್ತೆ. ಅದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಎರಡನೇ ವಾರಕ್ಕೆ ಒಂದು ಲಿಂಕ್ ಬರುತ್ತೆ. "ಈ ಕಾರ್ಡ್ ತಗೊಳ್ಳಿ, ಬೋನಸ್ ಪಾಯಿಂಟ್ಸಲ್ಲೇ ಬೆಂಗಳೂರಿಗೆ ಫ್ರೀ ಟಿಕೆಟ್." ಕೆಳಗೆ ಹತ್ತು ಜನ ಹೆಬ್ಬೆರಳು ಎತ್ತಿರುತ್ತಾರೆ.

ಆ ಲಿಂಕಿನ ಒಳಗುಟ್ಟು ಏನು? ಅದರ ಮೂಲಕ ಅರ್ಜಿ ಹಾಕಿದವರಿಗೆ ಕಾರ್ಡ್ ಸಿಕ್ಕರೆ ಲಿಂಕ್ ಕಳಿಸಿದವರಿಗೆ ಪಾಯಿಂಟ್ಸ್ ಬರುತ್ತೆ. ಅದರಲ್ಲಿ ಕಳ್ಳತನ ಏನೂ ಇಲ್ಲ, ಕಂಪನಿಯೇ ಮಾಡಿಟ್ಟ ವ್ಯವಸ್ಥೆ. ಆದರೆ ಅರ್ಜಿ ತಿರಸ್ಕಾರವಾದರೆ? ಕಳಿಸಿದವರಿಗೆ ನಯಾಪೈಸೆ ನಷ್ಟ ಇಲ್ಲ. ಪೂರ್ತಿ ನಷ್ಟ ಹಾಕಿದವರದ್ದೇ. ಹಾಗಾಗಿ ಹತ್ತು ಜನರಿಗೆ ಕಳಿಸಿ ಇಬ್ಬರಿಗೆ ಸಿಕ್ಕರೂ ಕಳಿಸಿದವರಿಗೆ ಲಾಭ. ಉಳಿದ ಎಂಟು ಜನರ ಕಥೆ ಗ್ರೂಪಿನಲ್ಲಿ ಯಾರೂ ಕೇಳುವುದಿಲ್ಲ.

ಆ ನಷ್ಟ ಏನು ಅಂತ ಹೇಳುತ್ತೇನೆ. ನಮ್ಮಲ್ಲಿ ಸಿಬಿಲ್ ಇರುವ ಹಾಗೆ ಇಲ್ಲಿ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಅಂತ ಮೂರು ಸಂಸ್ಥೆಗಳು ಪ್ರತಿಯೊಬ್ಬರ ಸಾಲದ ಚರಿತ್ರೆ ಇಟ್ಟಿರುತ್ತವೆ. ನಾವು ಕಾರ್ಡಿಗೆ ಪೂರ್ತಿ ಅರ್ಜಿ ಹಾಕಿದಾಗ ಬ್ಯಾಂಕ್ ಆ ಫೈಲನ್ನು ತೆಗೆದು ನೋಡುತ್ತೆ. ಇದಕ್ಕೆ ಹಾರ್ಡ್ ಸರ್ಚ್ ಅನ್ನುತ್ತಾರೆ. ಅದರ ಗುರುತು ಸಾಮಾನ್ಯವಾಗಿ 12 ತಿಂಗಳು ಫೈಲಿನಲ್ಲಿ ಉಳಿಯುತ್ತೆ, ಬೇರೆ ಬ್ಯಾಂಕಿನವರಿಗೂ ಕಾಣುತ್ತೆ. ಕಾರ್ಡ್ ಸಿಕ್ಕಿತಾ ಇಲ್ಲವಾ ಅಂತ ಅದರಲ್ಲಿ ಬರೆದಿರುವುದಿಲ್ಲ, ಅರ್ಜಿ ಹಾಕಿದ್ದು ಮಾತ್ರ ಇರುತ್ತೆ. ಆದರೆ ಒಂದೇ ತಿಂಗಳಲ್ಲಿ ನಾಲ್ಕು ಅರ್ಜಿ ಕಂಡರೆ, ಹೊಸ ಸಾಲದ ಖಾತೆ ಒಂದೂ ಕಾಣದಿದ್ದರೆ, ಯಾರಿಗಾದರೂ ಅರ್ಥವಾಗುತ್ತೆ: ಇವರಿಗೆ ದುಡ್ಡಿನ ಅರ್ಜೆಂಟ್ ಇದೆ, ಯಾರೂ ಕೊಟ್ಟಿಲ್ಲ.

ಇನ್ನೊಂದು ಬಗೆ ಇದೆ, ಸಾಫ್ಟ್ ಸರ್ಚ್. ನಮ್ಮ ಫೈಲನ್ನು ನಾವೇ ನೋಡಿಕೊಂಡಾಗ, ಅಥವಾ ಅರ್ಹತೆ ಪರೀಕ್ಷೆ ಮಾಡಿಕೊಂಡಾಗ ಆಗುವುದು ಇದು. ಇದರ ಗುರುತು ನಮಗೆ ಮಾತ್ರ ಕಾಣುತ್ತೆ. ಸಾಲ ಕೊಡುವವರ ಲೆಕ್ಕಕ್ಕೆ ಬರುವುದಿಲ್ಲ. ನರ್ಸ್ ಭಾಷೆಯಲ್ಲಿ ಹೇಳುವುದಾದರೆ ಸಾಫ್ಟ್ ಸರ್ಚ್ ಅಂದರೆ ನಾಡಿ ನೋಡುವುದು, ಹಾರ್ಡ್ ಸರ್ಚ್ ಅಂದರೆ ಸೂಜಿ ಚುಚ್ಚುವುದು. ನಾಡಿ ಎಷ್ಟು ಸಲ ಬೇಕಾದರೂ ನೋಡಿ. ರಕ್ತನಾಳ ಎಲ್ಲಿದೆ ಅಂತ ನೋಡದೆ ನಾಲ್ಕು ಕಡೆ ಚುಚ್ಚಿದರೆ ಕೈ ಊದಿಕೊಳ್ಳುತ್ತೆ, ಆಮೇಲೆ ನಿಜವಾಗಿ ಡ್ರಿಪ್ ಹಾಕಬೇಕಾದಾಗ ಜಾಗ ಸಿಗುವುದಿಲ್ಲ.

ಹೀಗೆ ಚುಚ್ಚಿಸಿಕೊಂಡ ಒಂದು ಹುಡುಗಿ ನಮ್ಮ ಆಸ್ಪತ್ರೆಯಲ್ಲೇ ಇದ್ದಾಳೆ. ಹೆಸರು ಬೇಡ. ಬಂದು ಎರಡು ತಿಂಗಳು ಆಗಿತ್ತು. ಒಬ್ಬರು ಸೀನಿಯರ್ ಲಿಂಕ್ ಕಳಿಸಿದರು, ಹಾಕಿದಳು, ಆಗಲಿಲ್ಲ. "ಅದು ಬೇಡ, ಇದು ಟ್ರೈ ಮಾಡು" ಅಂತ ಇನ್ನೊಬ್ಬರು ಇನ್ನೊಂದು ಕಳಿಸಿದರು. ಹೀಗೆ ಹನ್ನೆರಡು ದಿನದಲ್ಲಿ ನಾಲ್ಕು ಅರ್ಜಿ, ನಾಲ್ಕೂ ತಿರಸ್ಕಾರ. ಆಮೇಲೆ ತಿಂಗಳ ಕಂತಿನಲ್ಲಿ ಫೋನ್ ತಗೊಳ್ಳಲು ಹೋದರೆ ಅದೂ ಆಗಲಿಲ್ಲ. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಕೂತು ಅಳುತ್ತಿದ್ದಳು. "ಅಕ್ಕಾ, ನನ್ನ ವೀಸಾಕ್ಕೆ ಏನಾದ್ರೂ ತೊಂದ್ರೆ ಆಗುತ್ತಾ? ವಾಪಸ್ ಕಳಿಸ್ತಾರಾ?" ಅಂತ ಕೇಳಿದಳು. ಕಾರ್ಡ್ ಸಿಗದಿದ್ದರೆ ವೀಸಾಕ್ಕೆ ಏನೂ ಆಗುವುದಿಲ್ಲ ಅಂತ ಅವಳಿಗೆ ಹೇಳುವುದಕ್ಕೆ ಲಿಂಕ್ ಕಳಿಸಿದ ಇಬ್ಬರಲ್ಲಿ ಒಬ್ಬರೂ ಫೋನ್ ಮಾಡಿರಲಿಲ್ಲ.

ಅವಳಲ್ಲಿ ಕೊರತೆ ಏನಿತ್ತು? ಏನೂ ಇಲ್ಲ. ಖಾಯಂ ಕೆಲಸ, ಸರಿಯಾದ ಸಂಬಳ, ಒಂದು ರೂಪಾಯಿ ಸಾಲ ಬಾಕಿ ಇಟ್ಟವಳಲ್ಲ. ಆದರೆ ಊರಿನ ಸಿಬಿಲ್ ಸ್ಕೋರ್ ಎಷ್ಟೇ ಚೆನ್ನಾಗಿರಲಿ, ಇಲ್ಲಿನ ಬ್ಯಾಂಕುಗಳು ಸಾಮಾನ್ಯವಾಗಿ ಅದನ್ನು ನೋಡುವುದಿಲ್ಲ. ಇಲ್ಲಿ ನಾವು ಬಂದಿಳಿದ ದಿನ ಖಾಲಿ ಹಾಳೆ. ಅರ್ಜಿಯಲ್ಲಿ ಸಾಮಾನ್ಯವಾಗಿ ಹಿಂದಿನ 3 ವರ್ಷದ ವಿಳಾಸ ಕೇಳುತ್ತಾರೆ, ಅವಳದ್ದು ಎಂಟು ವಾರದ ವಿಳಾಸ. ಅರ್ಹತೆ ಪರೀಕ್ಷೆ ಹತ್ತು ನಿಮಿಷದ ಕೆಲಸ, ದುಡ್ಡು ಬೇಡ. ಅದನ್ನು ಮಾಡಿದ್ದರೆ "ಈಗ ಬೇಡ" ಅಂತ ಮೊದಲೇ ಗೊತ್ತಾಗುತ್ತಿತ್ತು.

ಈ ಮಾತನ್ನು ಗ್ರೂಪಿನಲ್ಲಿ ಎತ್ತಿದಾಗ ಬಂದ ಉತ್ತರ: "ನಾವೇನು ಕೈ ಹಿಡಿದು ಒತ್ತಿಸಿದ್ವಾ? ಓದಿದವರಲ್ವಾ, ಅವರೇ ನೋಡ್ಕೋಬೇಕು." ಮಾರಾಯ್ರೆ, ನಾವು ಯಾವ ಕೆಲಸದಲ್ಲಿ ಇರುವವರು? ಒಂದು ಮಾತ್ರೆ ಕೊಡುವ ಮೊದಲು ಕೈಪಟ್ಟಿ ನೋಡುತ್ತೇವೆ, ಹೆಸರು ಕೇಳುತ್ತೇವೆ, ಹುಟ್ಟಿದ ದಿನ ಕೇಳುತ್ತೇವೆ, ಅಲರ್ಜಿ ಇದೆಯಾ ಅಂತ ಕೇಳುತ್ತೇವೆ. ಅದೇ ರೋಗಿಗೆ ಬೆಳಿಗ್ಗೆ ಕೇಳಿದ್ದನ್ನು ಸಂಜೆ ಮತ್ತೆ ಕೇಳುತ್ತೇವೆ. "ಅವರೇ ಹೇಳಬೇಕಿತ್ತು" ಅಂದರೆ ನಮ್ಮ ನೋಂದಣಿ ಉಳಿಯುತ್ತಾ? ವಾರ್ಡಿನಲ್ಲಿ ಇಷ್ಟು ಎಚ್ಚರ ಇರುವವರು ಸ್ವಂತ ಊರಿನ ಹುಡುಗಿಗೆ ಒಂದು ಪ್ರಶ್ನೆ ಕೇಳದೆ ಲಿಂಕ್ ಒತ್ತಿಸುತ್ತಾರೆ. ಅವಳು ಒತ್ತುವುದು ಕಂಪನಿಯ ಮೇಲಿನ ನಂಬಿಕೆಯಿಂದಲ್ಲ, ನಮ್ಮ ಮೇಲಿನ ನಂಬಿಕೆಯಿಂದ. ಆ ನಂಬಿಕೆಯನ್ನೇ ಪಾಯಿಂಟ್ಸಿಗೆ ಮಾರುತ್ತಿದ್ದೇವೆ.

ಇನ್ನು ಅರ್ಹತೆ ಅಂದರೆ ಏನು? ಜನ ಒಂದೇ ಪ್ರಶ್ನೆ ಅಂದುಕೊಳ್ಳುತ್ತಾರೆ, "ಕಾರ್ಡ್ ಕೊಡ್ತಾರಾ?" ನನ್ನ ಪ್ರಕಾರ ಪ್ರಶ್ನೆ ಮೂರು. ಮೂರಕ್ಕೂ ಹೌದು ಅಂತ ಉತ್ತರ ಬಂದರೆ ಮಾತ್ರ ಅರ್ಜಿ.

ಮೊದಲನೆಯದು, ಕಾರ್ಡ್ ಕೊಡುತ್ತಾರಾ? ಇದಕ್ಕೆ ಎಲಿಜಿಬಿಲಿಟಿ ಚೆಕರ್ ಅಂತ ಇರುತ್ತೆ. ಹಲವು ಕಾರ್ಡ್ ಕಂಪನಿಗಳ ತಾಣದಲ್ಲೇ ಇದೆ. ಕ್ಲಿಯರ್‌ಸ್ಕೋರ್, ಮನಿಸೇವಿಂಗ್‌ಎಕ್ಸ್‌ಪರ್ಟ್, ಎಕ್ಸ್‌ಪೀರಿಯನ್‌ಗಳಲ್ಲಿ ಹಲವು ಕಾರ್ಡುಗಳನ್ನು ಒಟ್ಟಿಗೆ ನೋಡಬಹುದು. ಎಲ್ಲ ಸಾಫ್ಟ್ ಸರ್ಚ್. ಆದರೆ ಈ ತಾಣಗಳಿಗೂ ಕಾರ್ಡ್ ಮಾರಾಟದಿಂದ ಕಮಿಷನ್ ಬರುತ್ತೆ ಅನ್ನುವುದು ನೆನಪಿರಲಿ, ಮೊದಲು ಕಾಣಿಸಿದ್ದೇ ಒಳ್ಳೆಯದು ಅಂತಲ್ಲ. ಮತ್ತೆ 90% ಅಂತ ತೋರಿಸಿದರೆ ಅದು ಸಾಧ್ಯತೆ, ಮಾತು ಕೊಟ್ಟಿದ್ದಲ್ಲ. ಸಂಬಳ, ಬಾಡಿಗೆ, ವಿಳಾಸ ಎಲ್ಲ ಸರಿಯಾಗಿ ತುಂಬಿದರೆ ಮಾತ್ರ ಆ ಅಂಕಿಗೆ ಬೆಲೆ. ಬ್ಯಾಂಕ್ ಡ್ಯೂಟಿಯ ಹೆಚ್ಚುವರಿ ಸಂಬಳ ಸೇರಿಸಿ ಉಬ್ಬಿಸಿ ತುಂಬಿದರೆ ಅಂಕಿಯೂ ಉಬ್ಬಿದ್ದೇ ಬರುತ್ತೆ.

ಇನ್ನೊಂದು ತಿಳಿಯಬೇಕು. ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುವ ಬಡ್ಡಿ ದರ ಎಲ್ಲರಿಗೂ ಸಿಗುವುದಲ್ಲ. ಕಾರ್ಡ್ ಸಿಕ್ಕವರಲ್ಲಿ ಕನಿಷ್ಠ 51% ಜನರಿಗೆ ಆ ದರ ಅಥವಾ ಅದಕ್ಕಿಂತ ಕಡಿಮೆ ಸಿಗಬೇಕು ಅನ್ನುವುದು ಇಲ್ಲಿನ ನಿಯಮ. ಉಳಿದವರಿಗೆ ಹೆಚ್ಚು ಹಾಕಬಹುದು. ಆ ಉಳಿದವರ ಸಾಲಿನಲ್ಲಿ ಹೊಸಬರಾದ ನಾವೇ ನಿಂತಿರುವ ಸಾಧ್ಯತೆ ಜಾಸ್ತಿ.

ಎರಡನೆಯದು, ಬೋನಸ್ ಕೊಡುತ್ತಾರಾ? ಕಾರ್ಡಿನ ಅರ್ಹತೆ ಬೇರೆ, ಬೋನಸ್ಸಿನ ಅರ್ಹತೆ ಬೇರೆ. ಚೆಕರ್ ಹಸಿರು ತೋರಿಸಿದ ಮಾತ್ರಕ್ಕೆ ಬೋನಸ್ ಸಿಗುತ್ತೆ ಅಂತಲ್ಲ. ಅಮೆರಿಕನ್ ಎಕ್ಸ್‌ಪ್ರೆಸ್‌ನ ಹಲವು ಕಾರ್ಡುಗಳಲ್ಲಿ ಹಿಂದಿನ 24 ತಿಂಗಳಲ್ಲಿ ಅವರದೇ ವೈಯಕ್ತಿಕ ಕಾರ್ಡ್ ಇಟ್ಟುಕೊಂಡಿದ್ದವರಿಗೆ ಸ್ವಾಗತ ಬೋನಸ್ ಇಲ್ಲ ಅಂತ ಷರತ್ತು ಇರುತ್ತೆ. ಯಾವ ಕಾರ್ಡಿಗೆ ಏನು ಷರತ್ತು ಅನ್ನುವುದು ಆಗಾಗ ಬದಲಾಗುತ್ತೆ, ಹಾಗಾಗಿ ಅರ್ಜಿ ಹಾಕುವ ದಿನದ ಷರತ್ತನ್ನೇ ಓದಬೇಕು. ಗ್ರೂಪಿನಲ್ಲಿ ಓಡಾಡುವ ಹೋದ ವರ್ಷದ ಸ್ಕ್ರೀನ್‌ಶಾಟ್ ಓದಿ ಪ್ರಯೋಜನ ಇಲ್ಲ.

ಅದರ ಮೇಲೆ ಖರ್ಚಿನ ಷರತ್ತು. ಇಷ್ಟು ತಿಂಗಳಲ್ಲಿ ಇಷ್ಟು ಪೌಂಡ್ ಖರ್ಚು ಮಾಡಿದರೆ ಮಾತ್ರ ಬೋನಸ್. ಉದಾಹರಣೆಗೆ 3 ತಿಂಗಳಲ್ಲಿ 3,000 ಪೌಂಡ್ ಅಂತ ಇಟ್ಟುಕೊಳ್ಳಿ. ಲಂಡನ್ನಿನ ಹೊರಗೆ ಹೊಸದಾಗಿ ಸೇರಿದ ಬ್ಯಾಂಡ್ 5 ನರ್ಸಿಗೆ ತೆರಿಗೆ, ಪಿಂಚಣಿ ಕಳೆದು ತಿಂಗಳಿಗೆ ಕೈಗೆ ಬರುವುದು ಸುಮಾರು 2,000 ಪೌಂಡ್. ಬಾಡಿಗೆಗೆ 700, ಊರಿಗೆ 500 ಕಳಿಸಿದರೆ ಉಳಿಯುವುದು 800. ಬಾಡಿಗೆಯನ್ನು ಸಾಮಾನ್ಯವಾಗಿ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಲು ಬರುವುದಿಲ್ಲ. ಊರಿಗೆ ಹಣ ಕಳಿಸುವುದಕ್ಕೆ ಕಾರ್ಡ್ ಉಜ್ಜಿದರೆ ಅದನ್ನು ಸಾಮಾನ್ಯವಾಗಿ ನಗದು ತೆಗೆದ ಲೆಕ್ಕಕ್ಕೆ ಹಾಕುತ್ತಾರೆ. ಅವತ್ತಿಂದಲೇ ಬಡ್ಡಿ, ಮೇಲೆ ಶುಲ್ಕ, ಬೋನಸ್ ಲೆಕ್ಕಕ್ಕೂ ಸೇರುವುದಿಲ್ಲ. ಸರಿ, ಉಳಿದ 800ರಲ್ಲಿ ಒಂದು ಪೌಂಡೂ ಉಳಿಸದೆ ಅಕ್ಕಿ, ಬಸ್ಸು, ಕರೆಂಟ್ ಎಲ್ಲ ಕಾರ್ಡಿನಲ್ಲೇ ಕಟ್ಟಿದರೂ 3 ತಿಂಗಳಿಗೆ 2,400. ಇನ್ನೂ 600 ಪೌಂಡ್ ಕಮ್ಮಿ. ಆ 600 ಎಲ್ಲಿಂದ ಬರಬೇಕು? ಬೇಡದ ವಸ್ತು ಕೊಂಡು. ಬೋನಸ್ ಅನ್ನುವುದು ಇರುವುದೇ ಅದಕ್ಕೆ.

ಮೂರನೆಯದು, ನಮ್ಮ ಬದುಕಿಗೆ ಆ ಕಾರ್ಡ್ ಒಗ್ಗುತ್ತಾ? ಇದನ್ನು ಯಾವ ಚೆಕರ್ರೂ ಹೇಳುವುದಿಲ್ಲ. ತಿಂಗಳ ಬಿಲ್ ಪೂರ್ತಿ ಕಟ್ಟುವವರಿಗೆ ಮಾತ್ರ ಪಾಯಿಂಟ್ಸ್ ಲಾಭ. ವರ್ಷಕ್ಕೆ 30% ಬಡ್ಡಿಯ ಕಾರ್ಡಿನಲ್ಲಿ 1,000 ಪೌಂಡ್ ಬಾಕಿ ಉಳಿಸಿದರೆ ತಿಂಗಳಿಗೆ ಸುಮಾರು 22 ಪೌಂಡ್ ಬಡ್ಡಿ. ಅದೇ 1,000 ಪೌಂಡ್ ಖರ್ಚಿಗೆ ಬರುವ ಮಾಮೂಲಿ ಪಾಯಿಂಟ್ಸಿನ ಬೆಲೆ ಒಂದು ತಿಂಗಳ ಈ ಬಡ್ಡಿಯ ಮುಂದೆಯೇ ನಿಲ್ಲುವುದು ಕಷ್ಟ. ಹಲವು ಕಾರ್ಡುಗಳಿಗೆ ವರ್ಷದ ಶುಲ್ಕ ಬೇರೆ, ಮೊದಲ ವರ್ಷ ಬಿಟ್ಟು ಎರಡನೇ ವರ್ಷದಿಂದ ಹಿಡಿಯುವವರೂ ಇದ್ದಾರೆ. ಹೆಸರು ಟ್ರಾವೆಲ್ ಕಾರ್ಡ್, ಆದರೆ ಪ್ರವಾಸ ಹೋಗಿ ಬೇರೆ ದೇಶದ ಹಣದಲ್ಲಿ ಉಜ್ಜಿದರೆ ಸುಮಾರು 3% ಶುಲ್ಕ ಹಾಕುವ ಕಾರ್ಡುಗಳೇ ಹೆಚ್ಚು. ಊರಿಗೆ ಬಂದು ಅದೇ ಕಾರ್ಡಿನಲ್ಲಿ ಸೀರೆ ತಗೊಂಡರೆ ಪಾಯಿಂಟ್ಸ್ ಬಂದಿದ್ದಕ್ಕಿಂತ ಶುಲ್ಕ ಹೋಗಿದ್ದೇ ಜಾಸ್ತಿ.

ಆ ಫ್ರೀ ಟಿಕೆಟ್ ವಿಷಯಕ್ಕೂ ಬರುತ್ತೇನೆ, ಇದು ಊರಿನವರಿಗೆ. "ನಿಮಗೆಲ್ಲ ಕಾರ್ಡಲ್ಲೇ ಟಿಕೆಟ್ ಫ್ರೀ ಅಂತಲ್ಲ, ಮಾರಿಜಾತ್ರೆಗೆ ಯಾಕೆ ಬರಲ್ಲ?" ಅಂತ ಚಿಕ್ಕಪ್ಪ ಕೇಳಿದ್ದರು. ಚಿಕ್ಕಪ್ಪ, ಪಾಯಿಂಟ್ಸಿನಲ್ಲಿ ಟಿಕೆಟ್ ತಗೊಂಡರೂ ತೆರಿಗೆ, ಶುಲ್ಕ ಅಂತ ಕೈಯಿಂದ ಕಟ್ಟಲೇಬೇಕು. ಹೀಥ್ರೂವಿನಿಂದ ಬೆಂಗಳೂರಿಗೆ ಬ್ರಿಟಿಷ್ ಏರ್‌ವೇಸ್, ವರ್ಜಿನ್ ಅಟ್ಲಾಂಟಿಕ್ ಎರಡರದ್ದೂ ನೇರ ವಿಮಾನ ಇದೆ, ನಿಜ. ಆದರೆ ಪಾಯಿಂಟ್ಸಿಗೆ ಬಿಡುವ ಸೀಟುಗಳೇ ಕಡಿಮೆ. ಬ್ರಿಟಿಷ್ ಏರ್‌ವೇಸ್ ಅವನ್ನು 355 ದಿನ ಮೊದಲೇ ತೆರೆಯುತ್ತೆ. ಡಿಸೆಂಬರ್ ರಜೆಯಂಥ ಸಮಯದ ಸೀಟುಗಳಿಗೆ ಜನ ಆಗಲೇ ಕಾದು ಕೂತಿರುತ್ತಾರೆ. ನಮಗೆ ಡ್ಯೂಟಿ ರೋಸ್ಟರ್ ಬರುವುದೇ ಕೆಲವು ವಾರ ಮೊದಲು. ಒಂದು ವರ್ಷ ಮೊದಲೇ ರಜೆ ಯಾವಾಗ ಅಂತ ಹೇಳಬಲ್ಲ ನರ್ಸ್ ಎಷ್ಟು ಜನ? ದಯವಿಟ್ಟು ಫ್ರೀ ಅನ್ನುವ ಮಾತು ಬಿಡಿ. ಆ ಮಾತು ಕೇಳಿ ಕೇಳಿಯೇ ಹೊಸ ಹುಡುಗಿಯರು ಅವಸರದಲ್ಲಿ ಅರ್ಜಿ ಹಾಕುತ್ತಾರೆ.

ಹಾಗಂತ ನಾನು ಕಾರ್ಡಿನ ವೈರಿ ಅಲ್ಲ. ನನ್ನ ಹತ್ತಿರವೂ ಒಂದು ಇದೆ, ಚೆಕರ್ ನೋಡಿ, ಷರತ್ತು ಓದಿ, ಇಲ್ಲಿಗೆ ಬಂದು ಮೂರನೇ ವರ್ಷಕ್ಕೆ ತಗೊಂಡಿದ್ದು. ಕ್ರೆಡಿಟ್ ಕಾರ್ಡಿನಿಂದ ಒಳ್ಳೆಯದೂ ಇದೆ. ಇಲ್ಲಿ 1974ರ ಗ್ರಾಹಕ ಸಾಲ ಕಾಯ್ದೆ ಇದೆ. ಅದರ 75ನೇ ಸೆಕ್ಷನ್ ಪ್ರಕಾರ 100 ಪೌಂಡಿಗಿಂತ ಹೆಚ್ಚು, 30,000 ಪೌಂಡ್ ಮೀರದ ಬೆಲೆಯದ್ದನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡು ಮಾರಿದವರು ಕೈಕೊಟ್ಟರೆ, ಕಾರ್ಡ್ ಕಂಪನಿಯನ್ನೇ ಹಿಡಿದು ದುಡ್ಡು ಕೇಳಬಹುದು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತುಹೋಯಿತಲ್ಲ, ಅಂಥ ಹೊತ್ತಿನಲ್ಲಿ ವಿಮಾನ ಕಂಪನಿಯಿಂದ ನೇರವಾಗಿ ಕಾರ್ಡಿನಲ್ಲಿ ಟಿಕೆಟ್ ಕೊಂಡವರಿಗೆ ಈ ದಾರಿ ಇರುತ್ತೆ. ಆದರೆ ನೋಡಿ, ಈ ರಕ್ಷಣೆಗೆ ಪಾಯಿಂಟ್ಸ್ ಕಾರ್ಡೇ ಬೇಕಂತಿಲ್ಲ. ಶುಲ್ಕ ಇಲ್ಲದ ಸಾದಾ ಕ್ರೆಡಿಟ್ ಕಾರ್ಡಿಗೂ ಇದೆ. ಲಿಂಕ್ ಕಳಿಸುವವರು ಇದನ್ನು ಹೇಳುವುದಿಲ್ಲ, ಸಾದಾ ಕಾರ್ಡಿನಲ್ಲಿ ಅವರಿಗೆ ಏನೂ ಸಿಗುವುದಿಲ್ಲವಲ್ಲ.

ಹೊಸಬರು ಮೊದಲ ವರ್ಷ ಏನು ಮಾಡಬೇಕು? ಮತದಾರರ ಪಟ್ಟಿಗೆ ಹೆಸರು ಸೇರಿಸಿ. ಭಾರತ ಕಾಮನ್‌ವೆಲ್ತ್ ದೇಶ, ಆದ್ದರಿಂದ ವೀಸಾದ ಮೇಲೆ ಇಲ್ಲಿ ವಾಸಿಸುವ ನಮಗೂ ಇಲ್ಲಿ ವೋಟ್ ಇದೆ. ಬಹಳ ಜನರಿಗೆ ಇದು ಗೊತ್ತೇ ಇಲ್ಲ. ವಿಳಾಸ ನಿಜವಾ ಅಂತ ನೋಡಲು ಬ್ಯಾಂಕುಗಳು ಆ ಪಟ್ಟಿಯನ್ನೇ ನೋಡುತ್ತವೆ. ಮೂರೂ ಸಂಸ್ಥೆಗಳಿಂದ ನಿಮ್ಮ ರಿಪೋರ್ಟ್ ಉಚಿತವಾಗಿ ತರಿಸಿಕೊಂಡು ಹೆಸರು, ವಿಳಾಸ ಸರಿ ಇದೆಯಾ ನೋಡಿ. ನಮ್ಮ ಅಪ್ಪನ ಹೆಸರು, ಊರಿನ ಹೆಸರು ಸೇರಿದ ಉದ್ದದ ಹೆಸರುಗಳು ಒಂದೊಂದು ಕಡೆ ಒಂದೊಂದು ರೀತಿ ಬಿದ್ದಿರುತ್ತವೆ. ಎಲ್ಲ ಬಿಲ್ಲೂ ಹೊತ್ತಿಗೆ ಸರಿಯಾಗಿ ಕಟ್ಟಿ. ಒಂದು ಅರ್ಜಿ ತಿರಸ್ಕಾರವಾದರೆ ಇನ್ನೊಂದು ಹಾಕಬೇಡಿ, ಯಾವ ಸಂಸ್ಥೆಯ ರಿಪೋರ್ಟ್ ನೋಡಿದರು ಅಂತ ಕೇಳಿ, ಅದನ್ನು ತೆಗೆದು ಓದಿ, ಕೆಲವು ತಿಂಗಳು ಸುಮ್ಮನಿರಿ.

ಇಷ್ಟು ಜೋರಾಗಿ ಹೇಳುವುದಕ್ಕೆ ಕಾರಣ ಇದೆ. ಇಲ್ಲಿ ಹುಟ್ಟಿದವರು ಸಾಲದಲ್ಲಿ ಬಿದ್ದರೆ ಸರ್ಕಾರದ ಭತ್ಯೆ ಅಂತ ಒಂದಿಷ್ಟು ಆಸರೆ ಇದೆ. ನಮ್ಮ ವೀಸಾದಲ್ಲಿ ಸರ್ಕಾರಿ ನೆರವಿಗೆ ಅವಕಾಶ ಇಲ್ಲ ಅಂತ ಸ್ಪಷ್ಟವಾಗಿ ಬರೆದಿರುತ್ತೆ. ನಾವು ಬಿದ್ದರೆ ಕೆಳಗೆ ಬಲೆ ಇಲ್ಲ. ಬೀಳುವ ಭಾರ ಊರಿನ ಅಪ್ಪನ ಅಡಿಕೆ ತೋಟದ ಮೇಲೆ, ಅಮ್ಮನ ಬಳೆಯ ಮೇಲೆ. ಹಾಗೇ ನಾಲ್ಕೈದು ವರ್ಷಕ್ಕೆ ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಇತ್ತೀಚಿನ ಅರ್ಜಿಗಳನ್ನು, ಬಾಕಿಯನ್ನು ಕೂಲಂಕಷವಾಗಿ ನೋಡುತ್ತಾರೆ. ಈಗಾಗಲೇ ಕಾರ್ಡ್ ಸಾಲದಲ್ಲಿ ಸಿಕ್ಕಿಕೊಂಡವರು ಇದ್ದರೆ ನಾಚಿಕೆ ಬೇಡ. ಸ್ಟೆಪ್‌ಚೇಂಜ್, ಸಿಟಿಜನ್ಸ್ ಅಡ್ವೈಸ್ ಸಂಸ್ಥೆಗಳು ದುಡ್ಡು ತಗೊಳ್ಳದೆ ಸಲಹೆ ಕೊಡುತ್ತವೆ.

ಬೆಂಗಳೂರಿನಲ್ಲಿರುವ ನಮ್ಮ ತಮ್ಮಂದಿರು "ಇದು ಅಕ್ಕನ ದೇಶದ ಕಥೆ" ಅಂತ ನಗಬೇಡಿ. ಏರ್‌ಪೋರ್ಟ್ ಲೌಂಜ್ ಆಸೆಗೆ ಸಿಕ್ಕ ಸಿಕ್ಕ ಕಾರ್ಡಿಗೆ ಫಾರ್ಮ್ ತುಂಬಿದರೆ ಅಲ್ಲೂ ಪ್ರತಿ ಅರ್ಜಿ ಸಿಬಿಲ್ ಫೈಲಿನಲ್ಲಿ ಕೂರುತ್ತೆ. ನಿಮ್ಮ ರಿಪೋರ್ಟ್ ನೀವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ, ವರ್ಷಕ್ಕೊಂದು ಪೂರ್ಣ ರಿಪೋರ್ಟ್ ಉಚಿತವಾಗಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಕಾರ್ಡಿನ ಮಿತಿ ಅನ್ನುವುದು ಸಂಬಳ ಅಲ್ಲ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂತ ಮಾಡಿದರೆ ಜಾತ್ರೆ ಮುಗಿದ ಮೇಲೆ ಬಿಲ್ ಬರುವುದು ನಮ್ಮ ಹೆಸರಿಗೇ.

ಕೊನೆಗೆ ಲಿಂಕ್ ಕಳಿಸುವ ಅಣ್ಣಂದಿರಿಗೆ, ಅಕ್ಕಂದಿರಿಗೆ. ಕಳಿಸಬೇಡಿ ಅನ್ನುವುದಿಲ್ಲ. ಕಳಿಸುವಾಗ ಜೊತೆಗೆ ಮೂರು ಸಾಲು ಬರೆಯಿರಿ. ನಿಮಗೆ ಕಾರ್ಡ್ ಸಿಕ್ಕರೆ ನನಗೆ ಇಷ್ಟು ಪಾಯಿಂಟ್ಸ್ ಬರುತ್ತೆ ಅಂತ ಒಂದು. ಮೊದಲು ಅರ್ಹತೆ ಪರೀಕ್ಷೆ ಮಾಡಿ, ಆಗುತ್ತೆ ಅಂತ ತೋರಿಸಿದರೆ ಮಾತ್ರ ಅರ್ಜಿ ಹಾಕಿ ಅಂತ ಇನ್ನೊಂದು. ತಿಂಗಳ ಬಿಲ್ ಪೂರ್ತಿ ಕಟ್ಟಲಾಗದಿದ್ದರೆ ಇದು ನಿಮಗಲ್ಲ ಅಂತ ಮತ್ತೊಂದು. ಈ ಮೂರು ಸಾಲು ಬರೆದ ಮೇಲೂ ಜನ ಒತ್ತಿದರೆ ಆ ಪಾಯಿಂಟ್ಸ್ ನಿಮ್ಮ ಹಕ್ಕು, ಸಂತೋಷವಾಗಿ ತಗೊಳ್ಳಿ. ಬರೆಯಲು ಹಿಂಜರಿಕೆ ಆಗುತ್ತಾ? ಹಾಗಾದರೆ ಲಿಂಕ್ ಕಳಿಸಬೇಡಿ.

ಇಲ್ಲಿಗೆ ಬರುವ ತಯಾರಿಯಲ್ಲಿರುವವರಿಗೆ ಪ್ರಶ್ನೆ ಇದ್ದರೆ ಕೆಳಗೆ ಬರೆಯಿರಿ. ನೈಟ್ ಡ್ಯೂಟಿ ಮುಗಿಸಿ ಉತ್ತರಿಸುತ್ತೇನೆ. ಮುಂದಿನ ಕಂತು ಮತದಾರರ ಪಟ್ಟಿಗೆ ಹೆಸರು ಸೇರಿಸುವುದು ಹೇಗೆ ಅನ್ನುವ ಬಗ್ಗೆ.